ಮೆಲಾಂತೆಯ ಕರಿ ಕುಟ್ಟಾಣಿ

ನಾನು ಒಂದು ಕುಟ್ಟಾಣಿ. ಮೈ ಕಪ್ಪು, ಹೊಟ್ಟೆ ದುಂಡಗೆ, ಎರಡು ಬೊಗಸೆ ಸೊಪ್ಪು ಹಿಡಿಯುವಷ್ಟು ಆಳ. ನನ್ನಲ್ಲಿ ಆಲಿವ್ ಕಾಯಿ ಜಜ್ಜಿದವಳಿದ್ದಾಳೆ. ಮನುಷ್ಯರನ್ನು ಕತ್ತೆ ಮಾಡುವ ಮದ್ದು ಅರೆದವಳೂ ಇದ್ದಾಳೆ. ಇಬ್ಬರಲ್ಲಿ ನನಗೆ ಯಾರು ಇಷ್ಟ ಎಂದು ಕೇಳಿದರೆ, ಕತ್ತೆ ಮಾಡಿದವಳೇ ಎಂದು ಹೇಳುತ್ತೇನೆ.

ನಾನು ಹುಟ್ಟಿದ್ದು ಗ್ರೀಕರ ಕಡಲಿನ ಒಂದು ಪುಟ್ಟ ದ್ವೀಪದಲ್ಲಿ. ದೇವತೆಗಳೂ ಅವರ ಮಕ್ಕಳೂ ಇನ್ನೂ ಮನುಷ್ಯರ ನಡುವೆ ಓಡಾಡಿಕೊಂಡಿದ್ದ ಕಾಲ ಅದು. ದ್ವೀಪದ ನಡುವೆ ಬೆಂಕಿ ಉಗುಳಿ ಉಗುಳಿ ಸುಸ್ತಾದ ಒಂದು ಬೆಟ್ಟವಿತ್ತು. ಆ ಬೆಂಕಿ ಹರಿದು, ಆರಿ, ಕಲ್ಲಾಗಿ ಎಷ್ಟು ಕಾಲ ಮಲಗಿದ್ದೆನೋ ನೆನಪಿಲ್ಲ. ನನ್ನನ್ನು ಎಬ್ಬಿಸಿದ್ದು ದ್ರೂಮಾಸನ ಉಳಿ.

ದ್ರೂಮಾಸ ಊರಿನ ಕಲ್ಲುಕುಟಿಗ. ಹೆಂಡತಿ ತೀರಿಹೋಗಿದ್ದಳು. ಮನೆಯಲ್ಲಿ ಅವನು, ಅವನ ಒಬ್ಬಳೇ ಮಗಳು ಮಿರೀನೆ. ಮಿರೀನೆ ಮೀನುಗಾರರ ದೋಣಿಗಳಿಗೆ ಹಾಯಿ ಹೊಲಿಯುತ್ತಿದ್ದಳು. ನನ್ನನ್ನು ದ್ರೂಮಾಸ ಕಡೆದದ್ದು ಆ ಮಗಳಿಗಾಗಿ. ಊರಿನವರ ಕೆಲಸ ಮುಗಿಸಿ, ಸಂಜೆ ಉಳಿದ ಬೆಳಕಿನಲ್ಲಿ ನನ್ನ ಮುಂದೆ ಕೂರುತ್ತಿದ್ದ. ಅಂಚಿನ ಸುತ್ತ ಒಂದು ದ್ರಾಕ್ಷಿ ಬಳ್ಳಿ ಬಿಡಿಸಿದ. ಆಗಾಗ ಮಗಳನ್ನು ಕರೆದು, ಅವಳ ಕೈ ಹಿಡಿದು ನನ್ನ ಹೊಟ್ಟೆಯೊಳಗೆ ಇಳಿಸಿ, ‘ಒರಟು ಸಾಕಾ ನೋಡು’ ಎನ್ನುತ್ತಿದ್ದ. ಅವಳು ಬೇಕೆಂದೇ ‘ಇನ್ನೂ ಸ್ವಲ್ಪ’ ಎನ್ನುತ್ತಿದ್ದಳು. ಅಪ್ಪ ಮತ್ತೆ ಉಳಿ ಹಿಡಿಯುತ್ತಿದ್ದ. ಆ ಎರಡು ಕೈಗಳ ನಡುವೆ ನಾನು ಆಕಾರ ಪಡೆದೆ. ಮಿರೀನೆಯ ಮನೆಯಲ್ಲೇ ನನ್ನ ಆಯಸ್ಸು ಕಳೆಯುತ್ತದೆ ಎಂದು ನಂಬಿದ್ದೆ.

ಕೆಲಸ ಮುಗಿಯುವ ದಿನ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಎತ್ತರದ ಹೆಂಗಸು. ಅವಳ ಕಣ್ಣು ಕಾಯಿಸಿದ ತಾಮ್ರದ ಬಣ್ಣದವು. ದ್ರೂಮಾಸ ಗಡಬಡಿಸಿ ಎದ್ದ. ಅವಳೇ ಮೆಲಾಂತೆ, ಸೂರ್ಯದೇವನ ಮಗಳು. ಬೆಟ್ಟದ ಮೇಲೆ ಒಬ್ಬಳೇ ಇರುತ್ತಿದ್ದಳು. ಗಿಡಮೂಲಿಕೆಗಳ ಒಳಗುಟ್ಟು ತಿಳಿದವಳು; ಅವಳಿಗೆ ಮುಪ್ಪಿಲ್ಲ, ಸಾವಿಲ್ಲ. ಊರಿನವರಿಗೆ ಅವಳೆಂದರೆ ಭಯ, ಆದರೂ ಕಾಯಿಲೆ ಬಂದರೆ ಅವಳ ಬಳಿಗೇ ಓಡುತ್ತಿದ್ದರು. ಕಲ್ಲಿನ ಪುಡಿ ತುಂಬಿ ದ್ರೂಮಾಸನ ಕಣ್ಣು ಹೋಗುವುದರಲ್ಲಿತ್ತು. ಅದನ್ನು ಉಳಿಸಿಕೊಟ್ಟವಳೂ ಅವಳೇ. ಆ ದಿನ ಕಣ್ಣು ಹೇಗಿದೆ ಎಂದು ನೋಡಲು ಬಂದಿದ್ದಳು.

ಅವಳು ಕಣ್ಣು ನೋಡಲಿಲ್ಲ. ನನ್ನ ಹೊಟ್ಟೆಯೊಳಗೆ ಒಟ್ಟಿಗೆ ಇಳಿದಿದ್ದ ಅಪ್ಪ ಮಗಳ ಕೈಗಳನ್ನೇ ನೋಡುತ್ತ ನಿಂತಳು.

‘ಈ ಕುಟ್ಟಾಣಿ ನನಗೆ ಬೇಕು’ ಎಂದಳು.

‘ತಾಯಿ, ಇಂಥದ್ದೇ ಇನ್ನೊಂದು ಮಾಡಿಕೊಡ್ತೀನಿ. ಇದು ಮಗಳಿಗೆ ಅಂತ...’

‘ಇನ್ನೊಂದು ಬೇಡ. ಇದೇ ಬೇಕು.’

ಕಣ್ಣು ಉಳಿಸಿದವಳಿಗೆ ಇಲ್ಲ ಎನ್ನಲು ದ್ರೂಮಾಸನಿಗೆ ಬಾಯಿ ಬರಲಿಲ್ಲ. ಮಿರೀನೆ ನಕ್ಕಳು. ‘ಕೊಟ್ಬಿಡಪ್ಪ. ನನಗೆ ಇನ್ನೊಂದು ಮಾಡೋಕೆ ನೀನಿದೀಯಲ್ಲ’ ಎಂದಳು.

ಒಳ್ಳೆಯ ಮನಸ್ಸಿನಿಂದ ಆಡಿದ ಮಾತು. ಆದರೂ ಅದು ಇಬ್ಬರಿಗೆ ಚುಚ್ಚಿತು. ನನಗೆ ಚುಚ್ಚಿದ್ದು ಏಕೆಂದು ಹೇಳುತ್ತೇನೆ: ಇನ್ನೂ ಬೆಟ್ಟದಲ್ಲೇ ಇದ್ದ, ಹೆಸರಿಲ್ಲದ ಯಾವುದೋ ಕಲ್ಲಿಗೆ ನನ್ನ ಜಾಗ ಹೋಯಿತು. ಆ ಕಲ್ಲಿನ ಮೇಲೆ ನನಗೆ ಹೊಟ್ಟೆ ಉರಿಯಿತು. ನನ್ನ ಬಾಳಿನ ಮೊದಲ ಹೊಟ್ಟೆಕಿಚ್ಚು ಅದು. ಚುಚ್ಚಿಸಿಕೊಂಡ ಇನ್ನೊಬ್ಬಳು ಮೆಲಾಂತೆ. ಅವಳಿಗೆ ಏಕೆ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಬೆಟ್ಟದ ಮೇಲೆ ಅಂಜೂರದ ಮರದ ಕೆಳಗೊಂದು ಕಲ್ಲಿನ ಕಟ್ಟೆ ಇತ್ತು. ಮೆಲಾಂತೆ ನನ್ನನ್ನು ಅಲ್ಲಿ ಕೂರಿಸಿದಳು. ಅಲ್ಲಿಂದ ಕೆಳಗಿನ ಕೊಲ್ಲಿ, ಮರಳು, ದೋಣಿಗಳು ಎಲ್ಲ ಕಾಣುತ್ತಿದ್ದವು. ಬೆಳಗಾದರೆ ಅವಳು ಕೂದಲು ಗಂಟು ಕಟ್ಟಿ ನನ್ನ ಮುಂದೆ ಕುಳಿತು ಅರೆಯಲು ತೊಡಗುತ್ತಿದ್ದಳು. ಅರೆಯುತ್ತ ಮಾತಾಡುತ್ತಿದ್ದಳು. ಕೇಳಲು ನನ್ನ ಬಿಟ್ಟು ಯಾರೂ ಇರಲಿಲ್ಲ. ಅಂಗಳದಲ್ಲಿ ಕೆಲವು ಕತ್ತೆಗಳಿದ್ದವು, ನಿಜ. ಅವು ಒಂದು ಕಾಲಕ್ಕೆ ಕಡಲುಗಳ್ಳರು. ಒಂಟಿ ಹೆಂಗಸಿನ ಮನೆ ಎಂದು ದೋಚಲು ಬಂದವರಿಗೆ ಅವಳು ನಗುತ್ತ ಜೇನು ಬೆರೆಸಿದ ಪಾನಕ ಕೊಟ್ಟಳು. ಕುಡಿದವರು ನಾಲ್ಕು ಕಾಲಿನ ಮೇಲೆ ನಿಂತರು. ಆ ಮದ್ದು ಅರೆದದ್ದು ನನ್ನಲ್ಲಿ. ಆ ದಿನದ ನನ್ನ ಹೆಮ್ಮೆಯನ್ನು ಏನೆಂದು ಹೇಳಲಿ!

ಅವಳ ವಿದ್ಯೆಗೊಂದು ಕಟ್ಟಳೆಯಿತ್ತು. ಮಾಟ ಬಿಡಿಸಲು ಒಂದು ಬಿಳಿ ಬೇರು ಇತ್ತು. ಅದನ್ನು ಅರೆದು ಕುಡಿಸಿದರೆ ಮೊದಲಿನ ರೂಪ ಬರಬೇಕು. ಆದರೆ ಯಾವ ಉರಿಯಿಂದ ಮದ್ದು ಅರೆದಿದ್ದಳೋ ಆ ಉರಿ ಅವಳ ಮನಸ್ಸಿನಿಂದ ಪೂರ್ತಿ ಹೋಗಿರಬೇಕು. ಒಂದು ಕಿಡಿ ಉಳಿದಿದ್ದರೂ ಬೇರು ಬರೀ ಬೇರಾಗಿಯೇ ಉಳಿಯುತ್ತಿತ್ತು. ಕಳ್ಳರ ಮೇಲಿನ ಸಿಟ್ಟು ಮಳೆಗಾಲ ಕಳೆಯುವಷ್ಟರಲ್ಲಿ ಆರುತ್ತಿತ್ತು. ಆಗ ಒಂದೊಂದೇ ಕತ್ತೆ ಮನುಷ್ಯನಾಗಿ, ತಲೆ ತಗ್ಗಿಸಿಕೊಂಡು ಬೆಟ್ಟ ಇಳಿದು ಹೋಗುತ್ತಿತ್ತು.

ಹೀಗಿರುವಾಗ ಥೋವಾಸ ಬಂದ. ಹಡಗು ನಡೆಸುವವನು. ಬಿರುಗಾಳಿಯಲ್ಲಿ ಅವನ ಹಡಗು ಬಂಡೆಗೆ ಬಡಿದು, ಜೊತೆಯವರೆಲ್ಲ ಮುಳುಗಿ, ಇವನೊಬ್ಬ ಮುರಿದ ಕೈಯೊಂದಿಗೆ ದಡಕ್ಕೆ ಬಿದ್ದಿದ್ದ. ಅವನು ದೋಚಲು ಬರಲಿಲ್ಲ. ಬಾಗಿಲಲ್ಲಿ ನಿಂತು, ‘ಅಮ್ಮಾ, ಸ್ವಲ್ಪ ನೀರು ಸಿಗುತ್ತಾ?’ ಎಂದು ಕೇಳಿದ. ಮೆಲಾಂತೆ ಅವನ ಕೈ ಕಟ್ಟಿದಳು. ಕೈ ಕೂಡಿಕೊಂಡ ಮೇಲೂ ಅವನು ಹೋಗಲಿಲ್ಲ. ಅವಳು ಹೋಗು ಎನ್ನಲೂ ಇಲ್ಲ.

ಅಂದಿನಿಂದ ಬೆಳಗಿನ ಮಾತು ನನ್ನೊಡನೆ ನಿಂತಿತು. ಮಾಟದ ಸೊಪ್ಪುಗಳು ಸೂರಿನಡಿ ಒಣಗುತ್ತ ನೇತಾಡಿದವು. ನನ್ನಲ್ಲಿ ಬೆಳ್ಳುಳ್ಳಿ ಬಿತ್ತು! ಅವನಿಗೆ ಇಷ್ಟವೆಂದು ಬೆಳ್ಳುಳ್ಳಿ, ಬಾದಾಮಿ, ಹಳೆಯ ರೊಟ್ಟಿ ಸೇರಿಸಿ ಚಟ್ನಿ ಅರೆಯುತ್ತಿದ್ದಳು. ಬೆರಳಿನಿಂದ ಬಳಿದು ಅವನ ಬಾಯಿಗಿಟ್ಟು, ‘ಉಪ್ಪು ಸರಿ ಇದೆಯಾ?’ ಎಂದು ಕೇಳುತ್ತಿದ್ದಳು. ನಾನು ಆ ಘಾಟನ್ನು ಹೊತ್ತುಕೊಂಡು ಬಿಸಿಲಿಗೆ ಬಾಯಿ ತೆರೆದು ಕೂತಿರುತ್ತಿದ್ದೆ. ಅವನೂ ಕಳ್ಳನಾಗಿರಬಾರದಿತ್ತೇ ಎನಿಸುತ್ತಿತ್ತು. ಕತ್ತೆಗಳಲ್ಲಿ ಒಂದು ಹೆಚ್ಚಾದರೆ ಯಾರಿಗೇನು ನಷ್ಟ?

ವಸಂತ ಬಂದಾಗ ಥೋವಾಸ ಕೊಲ್ಲಿಯಲ್ಲಿ ಒಂದು ದೋಣಿ ಕಟ್ಟಲು ಶುರು ಮಾಡಿದ. ಮೀನು ಹಿಡಿಯಲಿಕ್ಕೆ ಎಂದು ಮೆಲಾಂತೆಗೆ ಹೇಳಿದ್ದ. ದೋಣಿಗೆ ಹಾಯಿ ಬೇಕು. ಹಾಯಿ ಹೊಲಿಯುವವಳು ಮಿರೀನೆ. ಅವನು ಬೆಳಗ್ಗೆ ಇಳಿದುಹೋದರೆ ಹೊತ್ತು ಇಳಿದ ಮೇಲೆ ಬರತೊಡಗಿದ. ನಾವಿಬ್ಬರೂ, ಅಂದರೆ ನಾನೂ ಮೆಲಾಂತೆಯೂ, ಕಟ್ಟೆಯಿಂದ ಕೆಳಗೆ ನೋಡುತ್ತಿದ್ದೆವು. ಮರಳಿನ ಮೇಲೆ ಹಾಯಿ ಹಾಸಿಕೊಂಡು ಮಿರೀನೆ ಹೊಲಿಯುತ್ತಿದ್ದಳು. ದ್ರೂಮಾಸ ರೊಟ್ಟಿ ಮುರಿದು ಮೂವರಿಗೂ ಹಂಚುತ್ತಿದ್ದ. ಯಾರೋ ಏನೋ ಹೇಳುತ್ತಿದ್ದರು, ಮೂವರೂ ನಗುತ್ತಿದ್ದರು. ನಗು ಬೆಟ್ಟದವರೆಗೂ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಒಂದು ದಿನ ಮೆಲಾಂತೆ ಸೂರಿನಡಿಯ ಸೊಪ್ಪುಗಳನ್ನು ಕೆಳಗಿಳಿಸಿದಳು. ನನ್ನನ್ನು ಮೂರು ನೀರಿನಲ್ಲಿ ತೊಳೆದಳು. ಬೆಳ್ಳುಳ್ಳಿಯ ಜಾಗಕ್ಕೆ ಕಹಿ ಬೇರು, ನೀಲಿ ಹೂವು, ಹಕ್ಕಿಯ ಗರಿಯ ಬೂದಿ ಬಿದ್ದವು. ಗುಂಡುಕಲ್ಲನ್ನು ಬಿಗಿಯಾಗಿ ಹಿಡಿದಳು. ಹಲ್ಲು ಕಚ್ಚಿ ಅರೆದಳು. ಅವಳ ಉರಿಯೂ ನನ್ನ ಉರಿಯೂ ಅಂದು ಒಂದಾಗಿತ್ತು. ಮತ್ತೆ ನಾನು ಅವಳ ಕುಟ್ಟಾಣಿಯಾಗಿದ್ದೆ. ಅಷ್ಟು ಸಾಕಿತ್ತು ನನಗೆ.

ಮದ್ದು ಪಾನಕಕ್ಕೆ ಬೆರೆಯುವಷ್ಟರಲ್ಲಿ ಮಿರೀನೆ ತಾನಾಗಿಯೇ ಬೆಟ್ಟ ಹತ್ತಿ ಬಂದಳು. ಹೆಗಲ ಮೇಲೆ ಮಡಿಸಿದ ಹೊಸ ಹಾಯಿ. ಬೆವತಿದ್ದಳು.

‘ಕೂತ್ಕೊ’ ಎಂದಳು ಮೆಲಾಂತೆ. ‘ಬಾಯಾರಿರಬೇಕು. ಕುಡಿ.’

‘ಅಯ್ಯೋ, ಇದಕ್ಕೇ ಕಾಯ್ತಿದ್ದೆ ನೋಡಿ!’ ಮಿರೀನೆ ಒಂದೇ ಉಸಿರಿಗೆ ಬಟ್ಟಲು ಖಾಲಿ ಮಾಡಿದಳು. ಬಾಯಿ ಒರೆಸಿಕೊಂಡು, ತಲೆ ತಗ್ಗಿಸಿ, ‘ಅಮ್ಮಾ, ನಿಮಗೊಂದು ವಿಷಯ ಹೇಳ್ಬೇಕು. ಬೇಜಾರು ಮಾಡ್ಕೋಬಾರದು’ ಎಂದಳು.

‘ನನಗೆ ಗೊತ್ತಿದೆ.’

‘ಗೊತ್ತಾ? ಹಾಗಾದ್ರೆ ಒಳ್ಳೇದಾಯ್ತು. ಅವರಿಗೆ ಹೇಳೋಕೆ ಧೈರ್ಯ ಇಲ್ಲ, ನನ್ನ ಕಳಿಸಿದ್ರು. ನಾಳೆ ಊರಿಗೆ ಹೊರಡ್ತಾರಂತೆ. ಅಲ್ಲಿ ಹೆಂಡತಿ ಕಾಯ್ತಿದಾಳಂತೆ. ದಿನಾ ಅವಳದೇ ಮಾತು, ಕೇಳಿ ಕೇಳಿ ನಾನೂ ಅಪ್ಪನೂ ನಕ್ಕಿದ್ದೇ ನಕ್ಕಿದ್ದು. ನೀವೇ ಹೇಳಿ ಅಂತ ನಾನು ಎಷ್ಟೋ ಸಲ ಅಂದೆ...’

ಮೆಲಾಂತೆ ಬಟ್ಟಲಿಗೆ ಕೈ ಚಾಚಿದಳು. ಅದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಮಿರೀನೆಯ ಮಾತು ಅರ್ಧಕ್ಕೆ ನಿಂತಿತು. ತನ್ನ ಕೈಗಳನ್ನು ತಾನೇ ಬೆರಗಿನಿಂದ ನೋಡಿಕೊಂಡಳು. ಹಾಯಿ ಹೆಗಲಿನಿಂದ ಜಾರಿ ಬಿತ್ತು. ಅದರ ಮಡಿಕೆಯೊಳಗಿಂದ ಒಂದು ಬೆಳ್ಳಕ್ಕಿ ಕತ್ತು ಹೊರಗೆ ಚಾಚಿತು.

ಮೆಲಾಂತೆ ಹಾಯಿಯನ್ನು ಎತ್ತಿಕೊಂಡು ಬೆಟ್ಟ ಇಳಿದಳು. ಥೋವಾಸನ ಕಾಲ ಬಳಿ ಅದನ್ನು ಒಗೆದು, ತಿರುಗಿ ಬಂದಳು. ಅವನು ಅದೇ ಹೊತ್ತಿಗೆ ದೋಣಿ ನೀರಿಗಿಳಿಸಿದ. ಒಮ್ಮೆಯೂ ಬೆಟ್ಟದ ಕಡೆ ತಲೆಯೆತ್ತಲಿಲ್ಲ. ಅವನಿಗಾಗಿ ಅವಳು ನನ್ನಲ್ಲಿ ಏನನ್ನೂ ಅರೆಯಲಿಲ್ಲ.

ಸಂಜೆ ದ್ರೂಮಾಸ ಬಂದ. ‘ಮಗಳು ಇಲ್ಲಿಗೆ ಬಂದಿದ್ಲಾ ತಾಯಿ?’

ಮೆಲಾಂತೆ ಬೆಳ್ಳಕ್ಕಿಯ ಕಡೆ ತೋರಿಸಿದಳು. ಏನಾಯಿತೆಂಬುದನ್ನು ಒಂದನ್ನೂ ಮುಚ್ಚಿಡದೆ ಹೇಳಿದಳು. ಮುದುಕ ಕೂಗಾಡುತ್ತಾನೆ, ಕಲ್ಲು ಎಸೆಯುತ್ತಾನೆ ಎಂದುಕೊಂಡೆ. ಅವನು ಹಕ್ಕಿಯನ್ನೇ ನೋಡುತ್ತ, ‘ಬಿಡಿಸು’ ಎಂದ.

ಅವಳು ಬಿಳಿ ಬೇರು ಅರೆದು ಕುಡಿಸಿದಳು. ಏನೂ ಆಗಲಿಲ್ಲ.

‘ಯಾವಾಗ ಆಗುತ್ತೆ?’

‘ನನ್ನೊಳಗಿನ ಉರಿ ಆರಬೇಕು. ಯಾವಾಗ ಅಂತ ನನಗೇ ಗೊತ್ತಿಲ್ಲ.’

‘ಹಾಗಾದ್ರೆ ದಿನಾ ಬರ್ತೀನಿ’ ಎಂದ ದ್ರೂಮಾಸ. ಅಂದಿನಿಂದ ಅವಳನ್ನು ತಾಯಿ ಎಂದು ಕರೆಯಲಿಲ್ಲ.

ಅವನು ಹೇಳಿದಂತೆ ದಿನವೂ ಬಂದ. ಬುಟ್ಟಿಯಲ್ಲಿ ಚಿಕ್ಕ ಮೀನು ತರುತ್ತಿದ್ದ. ಬೆಳ್ಳಕ್ಕಿ ಅವನ ಮಂಡಿಯ ಪಕ್ಕ ಒಂಟಿ ಕಾಲಲ್ಲಿ ನಿಂತು ತಿನ್ನುತ್ತಿತ್ತು. ಊರಿನ ಸುದ್ದಿಯನ್ನೆಲ್ಲ ಅದಕ್ಕೆ ಹೇಳುತ್ತಿದ್ದ: ಯಾರ ಮೇಕೆ ಮರಿ ಹಾಕಿತು, ಯಾರ ದೋಣಿ ಸೋರುತ್ತಿದೆ. ಮೆಲಾಂತೆ ಬೆಳಗಾದರೆ ಬೇರು ಅರೆದು ಕುಡಿಸುತ್ತಿದ್ದಳು. ಹಕ್ಕಿ ಹಕ್ಕಿಯಾಗಿಯೇ ಇರುತ್ತಿತ್ತು. ನನ್ನೊಳಗೆ ಬೇರಿನ ಬಿಳಿ ಕಲೆ ಕೂತಿತು. ದಿನವೂ ಅವಳ ಕೈ ನನ್ನ ಮೇಲಿತ್ತು, ಆದರೆ ಮಾತಿಲ್ಲ, ಕಣ್ಣೆತ್ತಿ ನೋಡುವುದೂ ಇಲ್ಲ. ಅವಳ ಕಣ್ಣು ಹಕ್ಕಿಯ ಮೇಲೆ. ಆ ಹಕ್ಕಿಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ.

ವರ್ಷಗಳು ಹೋದವು. ಥೋವಾಸನ ಮುಖವೇ ಮರೆತುಹೋಗಿದೆ ಎಂದು ಒಂದು ದಿನ ಅವಳು ತನ್ನಷ್ಟಕ್ಕೆ ಹೇಳಿಕೊಂಡಳು. ಆದರೂ ಬೇರು ಕೆಲಸ ಮಾಡಲಿಲ್ಲ. ಮತ್ತೆ ಯಾರ ಮೇಲಿನ ಉರಿ ಇದು?

ಅದು ತಿಳಿದದ್ದು ಒಂದು ಮಧ್ಯಾಹ್ನ. ಬೆಳ್ಳಕ್ಕಿಯ ಕಾಲಿಗೆ ಬಲೆಯ ದಾರ ಸುತ್ತಿಕೊಂಡು ಗಾಯವಾಗಿತ್ತು. ದ್ರೂಮಾಸ ಅದನ್ನು ಮಡಿಲಿಗೆ ಹಾಕಿಕೊಂಡು, ಮಂಜಾದ ಕಣ್ಣನ್ನು ಹತ್ತಿರ ತಂದು, ಎಳೆ ಎಳೆಯಾಗಿ ದಾರ ಬಿಡಿಸಿದ. ಗಾಯದ ಮೇಲೆ ಉಫ್ ಎಂದು ಊದಿದ. ಮೆಲಾಂತೆ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ನೋಡಿದೆ. ಕಲ್ಲುಕುಟಿಗನ ಮನೆಯಲ್ಲಿ ಮೊದಲ ಸಲ ನನ್ನನ್ನು ಬೇಡಿದ ದಿನ ಇದ್ದ ಮುಖವೇ ಅದು.

‘ನಿನ್ನ ಅಪ್ಪ ಯಾರು ಅಂತಾರೆ?’ ತಲೆ ಎತ್ತದೆ ದ್ರೂಮಾಸ ಕೇಳಿದ. ಅವನಿಗೂ ಏನೋ ಹೊಳೆದಿರಬೇಕು.

ಅವಳು ಆಕಾಶದ ಕಡೆ ಗಲ್ಲ ಎತ್ತಿದಳು.

‘ಹಾಗಾದ್ರೆ ದಿನಾ ನಿನ್ನ ನೋಡ್ತಾನಲ್ಲ.’

‘ದಿನಾ ಹೋಗ್ತಾನೆ. ನೋಡಲ್ಲ’ ಎಂದಳು ಮೆಲಾಂತೆ.

ಮುದುಕ ಹಕ್ಕಿಯ ಬೆನ್ನು ಸವರಿದ. ‘ಅದಕ್ಕೆ ನನ್ನ ಮಗಳು ಏನು ಮಾಡಿದ್ಲು?’ ಎಂದ. ಅವಳು ಸವರುತ್ತಿದ್ದ ಆ ಕೈಯನ್ನೇ ನೋಡಿದಳು. ಅಂಥ ಅಪ್ಪನಿದ್ದ ಮಗಳ ಮೇಲಿನ ಉರಿ ಅದು ಎಂದು ನನಗಾಗ ತಿಳಿಯಿತು.

ಆ ಚಳಿಗಾಲ ದ್ರೂಮಾಸ ಬರುವುದು ನಿಂತಿತು. ಒಂದು ದಿನ ಕಾದಳು, ಇನ್ನೊಂದು ದಿನ ಕಾದಳು. ಮಾರನೆಯ ಬೆಳಗ್ಗೆ ಬೆಳ್ಳಕ್ಕಿಯನ್ನು ಕಂಕುಳಲ್ಲಿ ಇರುಕಿ, ನನ್ನನ್ನೂ ಬೇರುಗಳನ್ನೂ ಬುಟ್ಟಿಯಲ್ಲಿಟ್ಟುಕೊಂಡು ಊರಿಗೆ ಇಳಿದಳು. ಮುದುಕ ಸೊಂಟ ಹಿಡಿದುಕೊಂಡು ಮಲಗಿದ್ದ. ಕಲ್ಲಿನ ಮೇಲೆ ಜಾರಿ ಬಿದ್ದಿದ್ದನಂತೆ. ಎದುರಿನ ಗೂಡಿನಲ್ಲಿ ಬೂದು ಬಣ್ಣದ ಒಂದು ಕುಟ್ಟಾಣಿ ಕೂತಿತ್ತು, ಅಂಚಿನ ಸುತ್ತ ಅದೇ ಬಳ್ಳಿ. ಅದೇ, ನನ್ನ ಜಾಗಕ್ಕೆ ಬಂದದ್ದು! ಅದರ ಕೆಲಸ ನನ್ನಷ್ಟು ನಯವಾಗಿರಲಿಲ್ಲ ಎಂದು ಕಂಡು ಸಮಾಧಾನವಾಯಿತು.

ಮೆಲಾಂತೆ ಒಲೆ ಹಚ್ಚಿದಳು. ಗಂಜಿ ಕಾಯಿಸಿ ಕೊಟ್ಟಳು. ಮುದುಕ ಒಂದು ಗುಟುಕು ಕುಡಿದು ಮುಖ ಕಿವುಚಿದ.

‘ಉಪ್ಪು ಯಾರು ಹಾಕ್ತಾರೆ ಇದಕ್ಕೆ? ಕಡಲು ಪಕ್ಕದಲ್ಲೇ ಇದೆ, ಇವಳ ಗಂಜಿಗೆ ಉಪ್ಪಿಲ್ಲ!’

ಅವಳನ್ನು ಹಾಗೆ ಯಾರೂ ಬೈದಿರಲಿಲ್ಲ. ಹೆದರಿದವರಿದ್ದರು, ಬೇಡಿದವರಿದ್ದರು. ಅವಳು ಬೆಪ್ಪಾಗಿ ನಿಂತಳು, ಆಮೇಲೆ ಉಪ್ಪು ಹುಡುಕಿದಳು. ಮಾರನೆಯ ದಿನ ನೆಲ ಗುಡಿಸಿದ್ದು ಸರಿಯಿಲ್ಲ ಎಂದು ಬೈಸಿಕೊಂಡಳು. ಅದರ ಮಾರನೆಯ ದಿನ ಹೊಗೆ ಮಾಡಿದ್ದಕ್ಕೆ. ಬೈದಷ್ಟೂ ಅವಳ ನಡಿಗೆ ಹಗುರಾಯಿತು. ಮುದುಕನೂ ಎದ್ದು ಕೂರುವಷ್ಟಾದ.

ಒಂದು ಬೆಳಗ್ಗೆ ಅವಳು ಬೇರು ಅರೆಯುತ್ತಿರುವ ಸದ್ದು ಕೇಳಿ ಅವನು ತಲೆ ಅಲ್ಲಾಡಿಸಿದ. ‘ಜಾರ್ತಾ ಇದೆ. ಒಳಗೆಲ್ಲ ನುಣ್ಣಗಾಗಿಹೋಗಿದೆ. ಆ ಉಳಿ ತಗೊ, ಮತ್ತೆ ಒರಟು ಮಾಡ್ಬೇಕು.’

‘ನನಗೆ ಬರಲ್ಲ.’

‘ಯಾರಿಗೆ ಹುಟ್ಟುತ್ತಲೇ ಬರುತ್ತೆ? ಇಲ್ಲಿ ಬಾ.’

ಅವಳು ನನ್ನನ್ನು ಅವನ ಹಾಸಿಗೆಯ ಪಕ್ಕ ಇಟ್ಟು ಕುಳಿತಳು. ಮೊದಲ ಏಟು ಜಾರಿ ಅಂಚಿನ ಬಳ್ಳಿಯ ಒಂದು ಎಲೆ ಮುರಿಯಿತು. ‘ಹಾಗಲ್ಲ’ ಎಂದು ಮುದುಕ ಅವಳ ಮಣಿಕಟ್ಟು ಹಿಡಿದ. ‘ಕೈ ಬಿಗಿ ಹಿಡೀಬೇಡ. ಸಡಿಲ ಬಿಡು. ಕಲ್ಲಿಗೆ ನೋವಾಗುತ್ತೆ ಅಂತ ಹೆದರ್ಬೇಡ. ಹೊಡಿ.’ ಅವಳು ಹೊಡೆದಳು. ಅವನ ಮುದಿ ಕೈ, ಅದರ ಕೆಳಗೆ ಅವಳ ಕೈ, ಅದರ ಕೆಳಗೆ ನಾನು. ನನ್ನ ಹೊಟ್ಟೆಯ ತುಂಬ ಚಿಕ್ಕ ಚಿಕ್ಕ ಗುಳಿ ಬಿದ್ದವು. ನೋವು ನನಗೆ ಲೆಕ್ಕವಲ್ಲ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಅದು ನೋವು. ಪ್ರತಿ ಏಟಿಗೂ ಅವನ ಮುಖ ನೋಡಿ, ‘ಸರಿ ಇದೆಯಾ?’ ಎನ್ನುತ್ತಿದ್ದಳು.

‘ಪರವಾಗಿಲ್ಲ’ ಎಂದ ದ್ರೂಮಾಸ.

ಅರ್ಧ ಕೆಲಸ ಆಗಿತ್ತು. ಅವಳು ನನ್ನನ್ನು ತೊಳೆದು ಬಿಳಿ ಬೇರು ಅರೆದಳು. ಇಷ್ಟು ವರ್ಷ ಅರೆದಂತೆಯೇ ಅರೆದದ್ದು, ಆದರೆ ಈ ಸಲ ಕೈ ಬಿಗಿಯಾಗಿರಲಿಲ್ಲ. ಬೆಳ್ಳಕ್ಕಿ ಕುಡಿಯಿತು. ಬಾಗಿಲ ಬಿಸಿಲಿನಲ್ಲಿ ಒಮ್ಮೆ ರೆಕ್ಕೆ ಬಡಿಯಿತು. ರೆಕ್ಕೆ ಇದ್ದ ಕಡೆ ತೋಳುಗಳಿದ್ದವು.

ಮಿರೀನೆ ನೆಲದ ಮೇಲೆ ಮಂಡಿ ಮಡಿಸಿ ಕೂತಿದ್ದಳು. ಕೂದಲಲ್ಲಿ ನರೆ ಇಣುಕಿತ್ತು. ಅಪ್ಪ ತಡವಿ ತಡವಿ ಅವಳ ಮುಖ ಮುಟ್ಟಿದ. ಅವಳು ಅವನ ಎದೆಗೆ ತಲೆ ಇಟ್ಟು, ಬಹಳ ದಿನ ಬಳಸದ ಗಂಟಲಿನಿಂದ, ‘ನೀನು ಹೇಳಿದ್ದೆಲ್ಲ ಕೇಳಿಸ್ತಿತ್ತಪ್ಪ’ ಎಂದಳು. ಆಮೇಲೆ ತಿರುಗಿ ಮೆಲಾಂತೆಯನ್ನು ನೋಡಿದಳು. ಮೆಲಾಂತೆ ಇನ್ನೂ ಹಾಸಿಗೆಯ ಪಕ್ಕದ ಮಣೆಯ ಮೇಲೆ ಕೂತಿದ್ದಳು.

‘ಎದ್ದೇಳಿ’ ಎಂದಳು ಮಿರೀನೆ. ‘ಅದು ನನ್ನ ಜಾಗ.’

ಮೆಲಾಂತೆ ಎದ್ದಳು. ಉಳಿಯನ್ನೂ ನನ್ನನ್ನೂ ಅಲ್ಲೇ ಬಿಟ್ಟು ಬಾಗಿಲ ಕಡೆ ನಡೆದಳು. ಹೊಸಿಲು ದಾಟುವಾಗ ಮುದುಕ ಕೂಗಿದ: ‘ನಾಳೆ ಬಾ. ಕಲ್ಲಿನ ಕೆಲಸ ಅರ್ಧಕ್ಕೇ ನಿಂತಿದೆ.’

ಆಗ ಮಿರೀನೆ ಅಪ್ಪನ ಕಡೆ ನೋಡಿದ ನೋಟವನ್ನು ನಾನು ಕಂಡೆ. ಅದೇ ಉರಿ. ಅಲ್ಲಿ ಆರಿದ್ದು ಇಲ್ಲಿ ಹೊತ್ತಿಕೊಂಡಿತ್ತು. ತಾನು ಹಕ್ಕಿಯಾಗಿ ಕಾಲು ಮಡಚಿ ನಿಂತಿದ್ದಾಗ ಈ ಮನೆಯೊಳಗೆ ಇನ್ನೊಬ್ಬಳು ಬೈಸಿಕೊಂಡು ಓಡಾಡಿದ್ದಾಳೆ. ಅಪ್ಪ ಅವಳಿಗೂ ‘ಬಾ’ ಎನ್ನುತ್ತಿದ್ದಾನೆ. ಹೊಸಿಲಲ್ಲಿ ನಿಂತ ಮೆಲಾಂತೆಯೂ ಆ ನೋಟವನ್ನು ಕಂಡಳು. ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

‘ಉಳಿದದ್ದನ್ನ ಮಿರೀನೆ ಮಾಡ್ತಾಳೆ. ಅವಳ ಕೈ ನನ್ನದಕ್ಕಿಂತ ಹಗುರ’ ಎಂದಳು ಮೆಲಾಂತೆ.

ಮಾರನೆಯ ದಿನ ಅವಳು ಬರಲಿಲ್ಲ. ಇಷ್ಟು ವರ್ಷ ಅವಳು ಮರೆತೇಬಿಟ್ಟಿದ್ದ ಕೊನೆಯ ಇಬ್ಬರು ಕಳ್ಳರು, ಕತ್ತೆಯ ರೂಪ ಕಳಚಿ, ಬೆಟ್ಟ ಇಳಿದು ಬಂದರು. ಅವಳು ನಸುಕಿನಲ್ಲಿ ಒಬ್ಬಳೇ ದೋಣಿ ಹತ್ತಿ ಹೋದಳೆಂದು ಅವರು ಹೇಳಿದರು. ದ್ರೂಮಾಸ ಸಾಯುವವರೆಗೂ ಆಗಾಗ ಬಾಗಿಲ ಕಡೆ ಕಿವಿ ಕೊಡುತ್ತಿದ್ದ. ಮಿರೀನೆ ಅದನ್ನು ನೋಡಿಯೂ ನೋಡದಂತೆ ಹಾಯಿ ಹೊಲಿಯುತ್ತಿದ್ದಳು. ನನ್ನನ್ನು ಅವಳು ಒಡೆಯಲಿಲ್ಲ, ಒಳಗೆ ಇಟ್ಟುಕೊಳ್ಳಲೂ ಇಲ್ಲ. ಅಂಗಳದ ಮೂಲೆಯಲ್ಲಿ ಬಿಟ್ಟಳು. ಅಡುಗೆಗೆ ಬೂದು ಕುಟ್ಟಾಣಿಯೇ ಬಳಕೆಯಾಯಿತು.

ಆಮೇಲೆ ಎಷ್ಟೋ ಕೈ ಬದಲಾದೆ. ಒಬ್ಬಳು ನನ್ನಲ್ಲಿ ಆಲಿವ್ ಕಾಯಿ ಜಜ್ಜಿದಳು, ಇನ್ನೊಬ್ಬ ಮೇಕೆಗೆ ನೀರಿಟ್ಟ. ಭೂಮಿ ಒಮ್ಮೆ ಅಲುಗಿದಾಗ ತಳ ಬಿರಿಯಿತು. ಈಗ ಮೀನುಗಾರರ ಕೇರಿಯ ಒಂದು ಮೋಟುಗೋಡೆಯಲ್ಲಿ ಬೇರೆ ಕಲ್ಲುಗಳ ನಡುವೆ ಸಿಕ್ಕಿಕೊಂಡಿದ್ದೇನೆ. ಬಾಯಿ ಮಾತ್ರ ಹೊರಗಿದೆ. ಮಕ್ಕಳು ಅದರಲ್ಲಿ ಕಪ್ಪೆಚಿಪ್ಪು ತುಂಬಿಡುತ್ತಾರೆ. ಗೋಡೆಯಲ್ಲಿ ಹೊತ್ತು ಹೋಗುವುದಿಲ್ಲ, ಯೋಚಿಸಲು ಬೇಕಾದಷ್ಟು ಸಮಯವಿದೆ. ನನ್ನಲ್ಲಿ ಅರೆದ ಸೊಪ್ಪು, ಬೇರು, ಬೂದಿ ಎಲ್ಲದರ ವಾಸನೆಯನ್ನೂ ಕಡಲ ಗಾಳಿ ತೆಗೆದುಕೊಂಡು ಹೋಯಿತು. ಹೊಟ್ಟೆಕಿಚ್ಚು ಒಂದು ಹೋಗಲಿಲ್ಲ. ಅವಳು ತನ್ನದನ್ನು ಕಳೆದುಕೊಂಡಳಲ್ಲ, ನನ್ನಿಂದೇಕೆ ಆಗದು ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳನ್ನು ಬೈಯಲು ಒಬ್ಬ ಸಿಕ್ಕಿದ, ನನಗೆ ಯಾರಿದ್ದಾರೆ?

ಅವಳಿಗೆ ಸಾವಿಲ್ಲ. ಹಾಗಾದರೆ ಇಂದು ಬೆಳಗ್ಗೆಯೂ ಎಲ್ಲೋ ಒಂದು ಕಡೆ ಕೂದಲು ಗಂಟು ಕಟ್ಟಿ, ಯಾವುದೋ ಕಲ್ಲಿನ ಮುಂದೆ ಕೂತಿರಬೇಕು. ಅರೆಯುತ್ತ ಅದರೊಡನೆ ಮಾತಾಡುತ್ತಿರಬೇಕು. ಆ ಕಲ್ಲು ಯಾವುದೋ ನನಗೆ ಗೊತ್ತಿಲ್ಲ. ಆದರೂ ಅದು ಒಡೆದುಹೋಗಲಿ ಎಂದು ನಾನು ದಿನವೂ ಬಯಸುತ್ತೇನೆ.